ಮಾವನ ಮಂಚದ ಕೆಳಗಿನ ನೀರು

ಏಪ್ರಿಲ್ 6, ಭಾನುವಾರ

ಕ್ಯಾನುಗಳನ್ನೆಲ್ಲ ಖಾಲಿ ಮಾಡಿ ತೊಳೆದೆ. ಮೊದಲು ಸೋಪು, ಆಮೇಲೆ ಬ್ಲೀಚಿಂಗ್ ಪೌಡರ್ ಕಲಸಿದ ನೀರು, ಕೊನೆಗೆ ಬರೀ ನೀರು. ಬೋರಲು ಹಾಕಿ ಒಣಗಿಸಿದೆ. ಹಳೇ ನೀರು ಚೆಲ್ಲಲಿಲ್ಲ. ಬಟ್ಟೆಗೆ, ಕರಿಬೇವಿನ ಗಿಡಕ್ಕೆ ಆಯಿತು.

ನರೇಶ್ ಫಿಲ್ಟರ್ ನೀರಿನ ಘಟಕದಿಂದ ಹೊಸ ನೀರು ತಂದರು. ಸ್ಕೂಟರ್ ಮೇಲೆ ಎಷ್ಟು ಟ್ರಿಪ್ಪೋ. ಕೊನೇ ಸಲ ಬಂದವರೇ ಬೆನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. "ಇಷ್ಟು ನೀರು ಕೂಡಿಟ್ಕೊಂಡು ಯಾವ ಯುದ್ಧಕ್ಕೆ ಓಗ್ಬೇಕೇ ನಾವು?" ಫ್ಯಾಕ್ಟರಿಯಲ್ಲಿ ವಾರವೆಲ್ಲ ವೆಲ್ಡಿಂಗ್ ಮಾಡಿ ಬರುವ ಮನುಷ್ಯ, ಭಾನುವಾರವೂ ಹೀಗೆ. ಪಾಪ. ಕಾಫಿ ಕೊಟ್ಟೆ.

ಯುದ್ಧಕ್ಕೇ.

ಎಲ್ಲ ಕ್ಯಾನೂ ಮಾವನ ಮಂಚದ ಕೆಳಗೆ. ಹಿಂದಿನ ಕೋಣೆ, ಬಿಸಿಲು ಬೀಳುವುದಿಲ್ಲ. ಸೀಮೆಎಣ್ಣೆ, ಫಿನಾಯಿಲ್ ಅಲ್ಲಿಂದ ಎಂದೋ ತೆಗೆಸಿದ್ದೇನೆ. ಮುಚ್ಚಳಗಳ ಮೇಲೆ ಬಿಳಿ ಬಟ್ಟೆ ಕಟ್ಟಿದೆ. ಗಾಳಿ ಎದ್ದರೆ ಮುಚ್ಚಿದ ಚಿನ್ನದ ಗಣಿಯ ಸೈನೈಡ್ ಗುಡ್ಡದ ಧೂಳು ಈ ನಂದಿದುರ್ಗದ ಗಣಿ ಕಾರ್ಮಿಕರ ಲೈನ್ ಮನೆಗಳ ಒಳಗೆಲ್ಲ ಬರುತ್ತದೆ, ಕಿಟಕಿ ಹಾಕಿದ್ದರೂ. ಮಂಚದ ಮೇಲೆ ಯಾರೂ ಮಲಗುವುದಿಲ್ಲ. ಮಧ್ಯಾಹ್ನ ಅತ್ತೆ ಮಾತ್ರ ಅದರ ತುದಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ.

ಏಪ್ರಿಲ್ 14

ಪಕ್ಕದ ಮನೆ ಉಮಾಮಹೇಶ್ವರಿ ಗೇಟಿನ ಹತ್ತಿರ ಸಿಕ್ಕಳು. "ಏನ್ ರಾಧ, ಸಣ್ಣಗಾಗಿದೀಯಾ" ಅಂದಳು. ನಕ್ಕೆ. ನಗುವುದನ್ನು ಕಲಿತಿದ್ದೇನೆ.

ಇಲ್ಲಿ ಒಂದು ಸಲ ಬರೆದುಬಿಡುತ್ತೇನೆ. ಒಳಗೇ ಇಟ್ಟುಕೊಂಡರೆ ಹುಳಿಯಾಗುತ್ತದೆ.

ಹೋದ ವರ್ಷ ಮೇ. ಬೀದಿಯ ಬೋರ್ ಬತ್ತಿತ್ತು, ಟ್ಯಾಂಕರ್ ಬಂದಿರಲಿಲ್ಲ. ಮಾವನಿಗೆ ಜ್ವರ. ನೀರು, ನೀರು ಅನ್ನುತ್ತಿದ್ದರು. ಬಿಂದಿಗೆ ಹಿಡಿದು ಉಮಕ್ಕನ ಬಾಗಿಲಿಗೆ ಹೋದೆ. ಹಿಂದಿನ ದಿನವಷ್ಟೇ ಅವರ ಸಂಪಿಗೆ ಖಾಸಗಿ ಟ್ಯಾಂಕರ್ ನೀರು ಬಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೆ. ಅವಳು ಬಾಗಿಲಿಗೆ ಅಡ್ಡ ನಿಂತಳು. "ಎಲ್ಲೈತೆ ನೀರು? ನಮ್ಗೇ ಸಾಲ್ದು ಕಣಮ್ಮ."

ಅದೇ ಸಂಜೆ ಪೈಪು ಹಿಡಿದು ಮೆಟ್ಟಿಲು, ಅಂಗಳ, ಮಗನ ಕಾರು ಎಲ್ಲ ತೊಳೆದಳು. ಆ ನೀರು ನಮ್ಮ ಗೇಟಿನ ಮುಂದೆಯೇ ಹರಿದುಹೋಯಿತು.

ಮಾವ ಅಷ್ಟರಲ್ಲಿ ತಾವೇ ಎದ್ದು ಹಿತ್ತಲಿಗೆ ಹೋಗಿ, ಡ್ರಮ್ಮಿನ ತಳದಲ್ಲಿದ್ದ ಪಾಚಿ ನೀರು ಕುಡಿದಿದ್ದರು. ನಮಗೆ ಗೊತ್ತಾಗಲಿಲ್ಲ. ವಾಂತಿ, ಬೇದಿ. ಬಂಗಾರಪೇಟೆಗೆ ಕರೆದುಕೊಂಡು ಹೋದೆವು, ಅಲ್ಲಿಂದ ಕೋಲಾರಕ್ಕೆ ಬರೆದುಕೊಟ್ಟರು. ನಡೆದುಕೊಂಡು ವಾಪಸ್ ಬರಲಿಲ್ಲ.

ಸಾವಿನ ಮನೆಗೆ ಅವಳು ಫ್ಲಾಸ್ಕಿನಲ್ಲಿ ಕಾಫಿ ತಂದಳು. ನೀರಿಲ್ಲ ಅಂದಿದ್ದೆಯಲ್ಲ, ಇದನ್ನು ಯಾವುದರಲ್ಲಿ ಮಾಡಿದೆ? ಕೇಳಬೇಕಿತ್ತು. ಕೇಳಲಿಲ್ಲ. ಕುಡಿದೆ.

ಒಂದು ದಿನ ಅವಳು ಖಾಲಿ ಬಿಂದಿಗೆ ಹಿಡಿದು ನನ್ನ ಬಾಗಿಲಿಗೆ ಬರಬೇಕು. ಅಷ್ಟೇ. ಬೇರೇನೂ ಬೇಡ.

ಏಪ್ರಿಲ್ 25

ಬೀದಿಯಲ್ಲಿ ಕೇಬಲ್ ಹಾಕುವ ಕೆಲಸ. ಜೆಸಿಬಿ ಬೆಳಗಿನಿಂದ ಗುರ್ ಅನ್ನುತ್ತಿದೆ. ಉಮಕ್ಕನ ಕಾಂಪೌಂಡಿನ ಪಕ್ಕ ಅಗೆಯುವಾಗ ಚರಂಡಿ ಪೈಪು ಒಡೆದರು. ಕೆಟ್ಟ ವಾಸನೆ. ಮಣ್ಣು ಗುಡ್ಡೆ ಹಾಕಿ, ಒಂದು ಚಪ್ಪಡಿ ಎಳೆದು, ನಾಳೆ ಬರುತ್ತೇವೆ ಎಂದು ಹೋದರು. ಬರುವವರ ಮುಖವೇ ಅಲ್ಲ ಅದು.

ಮೇ 1

ಸಂಜೆ ಮಳೆ ಬಂದು ನಿಂತಿತು. ಬಟ್ಟೆ ತೆಗೆಯಲು ಮಹಡಿಗೆ ಹೋದೆ. ಕೆಳಗಿನಿಂದ ಮಣ್ಣಿನ ಗುಡ್ಡೆ ಅಡ್ಡ, ಏನೂ ಕಾಣದು. ಮೇಲಿನಿಂದ ಎಲ್ಲ ಕಾಣುತ್ತದೆ. ಜೆಸಿಬಿ ತೋಡಿದ ಗುಂಡಿ ಉಮಕ್ಕನ ಸಂಪಿನ ಗೋಡೆಗೇ ತಾಗಿದೆ. ಅದರ ತುಂಬ ಕಪ್ಪು ನೀರು.

ಮೇ 3

ಮಹಡಿಯಿಂದ ದಿನಾ ನೋಡುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಗುಂಡಿ ತುಂಬಿತ್ತು. ಮಧ್ಯಾಹ್ನಕ್ಕೆ ಅರ್ಧ. ಇವತ್ತು ಮತ್ತೆ ತುಂಬಿ, ಮತ್ತೆ ಅರ್ಧ. ಇಷ್ಟು ಬೇಗ ಭೂಮಿ ಕುಡಿಯುವುದಿಲ್ಲ, ಕಲ್ಲು ನೆಲ ಇದು. ಎಲ್ಲಿಗೆ ಹೋಗುತ್ತಿದೆ?

ಅಷ್ಟರಲ್ಲಿ ಉಮಕ್ಕನ ಸೊಸೆ ಶ್ವೇತ ಸಂಪಿನ ಮುಚ್ಚಳ ತೆಗೆದಳು. ಒಳಗಿನ ಗೋಡೆ ಕಂಡಿತು. ಗುಂಡಿಯ ಕಡೆ ಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಕಪ್ಪು ಒರತೆ. ಹೊಳೆಯುತ್ತಿತ್ತು.

ನಾನು ಬಟ್ಟೆ ಮಡಚಿಕೊಂಡು ಕೆಳಗಿಳಿದೆ.

ಹೇಳಬಹುದಿತ್ತು. "ಶ್ವೇತಾ, ಇಲ್ನೋಡು" ಅಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವರು ಕುಡಿಯುವುದು ಹೇಗೂ ಘಟಕದ ನೀರು. ಸಂಪಿನದು ಸ್ನಾನಕ್ಕೆ, ಪಾತ್ರೆಗೆ. ಆ ನೀರಲ್ಲಿ ಮುಖ ತೊಳೆಯಲಿ. ಆ ಮುಖಕ್ಕೆ ಸರಿಯಾಗಿದೆ.

ಮೇ 5

ಶ್ವೇತಳ ಮಗಳು ಅನು ಎಂದಿನಂತೆ ಆಡಲು ಬಂದಿದ್ದಳು. ಈ ವರ್ಷ ಅಂಗನವಾಡಿಗೆ ಸೇರಿದ್ದಾಳೆ, ಅತ್ತೆಯ ಎಲೆ ಅಡಿಕೆ ಚೀಲವೆಂದರೆ ಪ್ರಾಣ. ಅವಳಿಗೆ ದೊಡ್ಡ ಲೋಟದಲ್ಲಿ ನಮ್ಮ ನೀರು ಕೊಟ್ಟೆ. ಸಾಕು ಅಂದರೂ ಇನ್ನೊಂದು. "ರಾಧಾ ಆಂಟಿ, ಹೊಟ್ಟೆ ಡಬ್ ಡಬ್" ಎಂದು ನಕ್ಕಳು.

ಅವಳ ಮೇಲೆ ನನಗೇನೂ ಇಲ್ಲ.

ಮೇ 9

ಘಟಕದ ಮೋಟಾರು ಸುಟ್ಟಿದೆ. ಬಾಗಿಲಿಗೆ ಬೀಗ. ಯಾವಾಗ ರಿಪೇರಿಯೋ ಯಾರಿಗೂ ಗೊತ್ತಿಲ್ಲ. ಬೀದಿ ಪೂರ್ತಿ ಖಾಲಿ ಕ್ಯಾನು ಹಿಡಿದು ಅಂಗಡಿ ಅಂಗಡಿ ಅಲೆಯುತ್ತಿದೆ. ಅಂಗಡಿಗಳಲ್ಲೂ ಮುಗಿದಿದೆ.

ನರೇಶ್ ಮಂಚದ ಕೆಳಗೆ ಬಗ್ಗಿ ನೋಡಿ, ನನ್ನನ್ನು ನೋಡಿದರು. "ನೀನೇ ಗೆದ್ದೆ ಬಿಡು." ಎದುರು ಮನೆಯವರಿಗೆ ಒಂದು ಕ್ಯಾನ್ ಕೊಟ್ಟೆ. ಮೂಲೆ ಮನೆ ಸೀನಪ್ಪನವರಿಗೆ ಒಂದು. ಎಲ್ಲರೂ ನೋಡುವ ಹಾಗೆ, ಗೇಟಿನ ಹೊರಗೆ ನಿಂತು ಕೊಟ್ಟೆ.

ಅವಳು ಕಿಟಕಿಯಲ್ಲಿದ್ದಳು.

ಮೇ 11, ಭಾನುವಾರ

ಬಂದಳು!

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದೆ. ಗೇಟಿನಲ್ಲಿ ಉಮಕ್ಕ. ಸೊಂಟದಲ್ಲಿ ಸ್ಟೀಲ್ ಬಿಂದಿಗೆ. "ರಾಧ, ಒಂದ್ ಬಿಂದಿಗೆ ಕುಡಿಯೋ ನೀರು ಕೊಡೇ. ಸಂಪಿನ ನೀರು ಒಂಥರಾ ಒಗರು."

ಬಾಗಿಲಿಗೆ ಅಡ್ಡ ನಿಂತೆ. ಒಂದು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು. ತಡವರಿಸಲಿಲ್ಲ.

"ಎಲ್ಲೈತೆ ನೀರು ಉಮಕ್ಕ? ನಮ್ಗೇ ಸಾಲ್ದು."

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆದದ್ದು ಮುಖದಲ್ಲಿ ಕಂಡಿತು, ಕಿವಿಯ ತನಕ ಕೆಂಪಾಯಿತು. ಬಿಂದಿಗೆ ಸೊಂಟದಿಂದ ಇಳಿಸಿ, ಅದರ ಮೇಲೆ ಸೆರಗು ಮುಚ್ಚಿಕೊಂಡು ಹೋದಳು.

ಸಂಜೆ ಎರಡು ಬಕೆಟ್ ನೀರು ತಂದು ನಮ್ಮ ಮೆಟ್ಟಿಲು ತೊಳೆದೆ. ನಿಧಾನವಾಗಿ. ಪೊರಕೆ ಶಬ್ದ ಆಚೆ ಮನೆಗೆ ಕೇಳಲಿ ಎಂದು ಜೋರಾಗಿ ಉಜ್ಜಿದೆ. ಎಂಥ ಸುಖ! ಮಾವನ ಫೋಟೋಗೆ ಹೂ ಇಟ್ಟೆ.

ಅತ್ತೆ ನೋಡುತ್ತಿದ್ದರು.

ಮೇ 12

ಅವರು ಈಗ ಸಂಪಿನ ನೀರೇ ಕುಡಿಯುತ್ತಿರಬೇಕು. ಶ್ವೇತ ಅನುವಿಗೆ ಕಾಯಿಸಿ ಆರಿಸಿ ಕೊಡುತ್ತಾಳಂತೆ. ಅನುವೇ ಹೇಳಿದಳು. "ಅಜ್ಜಿ ಕಾಯ್ಸಲ್ಲ, ಹಂಗೇ ಕುಡೀತಾಳೆ."

ಕೇಳಿಸಿಕೊಂಡೆ. ಅನುವಿಗೆ ಲೋಟ ತುಂಬ ಕೊಟ್ಟೆ.

ಮೇ 15

ಬೆಳಿಗ್ಗೆ ತಿಂಡಿ ಹೊತ್ತಿಗೆ ಶ್ವೇತ ಕಿರುಚಿದಳು. ಉಮಕ್ಕ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಾಳೆ. ವಾಂತಿ, ಬೇದಿ, ಕಣ್ಣು ಗುಳಿಬಿದ್ದಿದೆ. ಮಗ ಅನಿಲ್ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿಯಾಗಿತ್ತು. ನರೇಶ್ ಆಟೋ ತರಲು ಓಡಿದರು.

ನಾನು ಅಡುಗೆಮನೆಯ ಕಿಟಕಿಯಲ್ಲೇ ನಿಂತು ನೋಡುತ್ತಿದ್ದೆ.

ಅತ್ತೆ ಹಿಂದಿನ ಕೋಣೆಗೆ ಹೋದರು. ಮಂಚದ ಕೆಳಗಿನ ಕ್ಯಾನ್ ಎಳೆದ ಸದ್ದು. ಚೊಂಬಿಗೆ ನೀರು ಬಗ್ಗಿಸಿದರು. ಸಕ್ಕರೆ ಹಾಕಿದರು, ಚಿಟಿಕೆ ಉಪ್ಪು, ಕಲಸಿ ನಾಲಿಗೆಗೆ ಹಚ್ಚಿ ನೋಡಿದರು. ಮಂಡಿ ನೋವಿನ ಮುದುಕಿ, ನಮ್ಮ ಗೇಟು, ಅವರ ಗೇಟು ದಾಟಿ ಹೋಗಿ, ಉಮಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಟೋ ಬರುವ ತನಕ ಚಮಚದಲ್ಲಿ ಕುಡಿಸಿದರು. ಅದೇ ಚೊಂಬನ್ನು ಆಟೋದಲ್ಲಿ ಶ್ವೇತಳ ಕೈಗೂ ಕೊಟ್ಟರು. "ದಾರಿನಾಗೆ ನಿಲ್ಲಿಸ್ಬೇಡ ಕಣಮ್ಮ, ವಾಂತಿ ಮಾಡಿದ್ರೂ ಕುಡಿಸ್ತಾನೇ ಇರು."

ಮೇ 16

ಡ್ರಿಪ್ಸ್ ಹಾಕಿದ್ದಾರಂತೆ. ಬದುಕುತ್ತಾಳಂತೆ. ಬಂಗಾರಪೇಟೆಯ ಮದುವೆ ಊಟದಿಂದ ಹೀಗಾಯಿತು ಎಂದು ಅನಿಲ್ ಬೀದಿಗೆಲ್ಲ ಹೇಳುತ್ತಿದ್ದಾನೆ.

ನಾನು ಖುಷಿಪಟ್ಟೆ. ಸುಳ್ಳು ಬರೆಯುವುದಿಲ್ಲ. ಅವಳು ಬಿದ್ದಳು ಎಂದಾಗ ಎದೆಯಲ್ಲಿ ಏನೋ ಸಡಿಲವಾಯಿತು, ಬಿಗಿದ ಹಗ್ಗ ಬಿಟ್ಟಂತೆ. ಆಮೇಲೆ ಅವಳ ಗುಳಿಬಿದ್ದ ಕಣ್ಣು ನೆನಪಾಯಿತು. ಮಾವನಿಗೂ ಹಾಗೇ ಆಗಿತ್ತು.

ಮಧ್ಯಾಹ್ನ ತಡೆಯಲಾಗದೆ ಕೇಳಿಬಿಟ್ಟೆ. "ಅತ್ತೆ, ಮಾವನಿಗೆ ಒಂದು ಬಿಂದಿಗೆ ನೀರು ಕೊಡಲಿಲ್ಲ ಅವಳು. ನೀವು ಅವಳ ತಲೆ ತೊಡೆ ಮೇಲಿಟ್ಕೊಂಡ್ರಿ."

ಅತ್ತೆ ಮಂಚದ ತುದಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಸತ್ತೋನು ನನ್ ಗಂಡ. ಕ್ವಾಪ ನಂದು. ನಿಂಗ್ಯಾರಮ್ಮ ಕೊಟ್ರು ಅದ್ನ?"

"ಹಂಗಾದ್ರೆ ಕ್ಷಮಿಸಿಬಿಟ್ರಾ?"

"ಯಾಕ್ ಕ್ಷಮಿಸ್ಲಿ? ಅವ್ಳು ಸತ್ರೆ ಮುಗ್ದೋಯ್ತದೆ. ಬದುಕಿರ್ಬೇಕು ಅವ್ಳು. ದಿನಾ ಬಾಗಿಲು ತೆಗೆದ್ರೆ ನನ್ ಮಕ ಕಾಣ್ಬೇಕು. ಈ ಮುದುಕಿ ಕೊಟ್ಟ ನೀರು ಕುಡಿದು ಬದುಕಿದೀನಿ ಅಂತ ಅವ್ಳಿಗೆ ದಿನಾ ನೆಪ್ಪಾಗ್ಬೇಕು."

ಅಡಿಕೆ ಬಾಯಿಗೆ ಹಾಕಿಕೊಂಡರು. ಒಂದು ವರ್ಷದಿಂದ ನಾನು ಕ್ಯಾನು ತುಂಬಿದ್ದೇ ಬಂತು. ಈ ಮುದುಕಿ ಒಂದು ಚೊಂಬಿನಲ್ಲಿ ನನ್ನನ್ನು ಮೀರಿಸಿದರು.

ಮೇ 19

ಉಮಕ್ಕ ಮನೆಗೆ ಬಂದಳು. ಅನಿಲ್ ಸಂಪಿಗೆ ಹೊಸದಾಗಿ ಟ್ಯಾಂಕರ್ ನೀರು ಬಿಡಿಸಿದ್ದಾನೆ. ಅದೇ ಸಂಪಿಗೆ.

ಅನು ಇವತ್ತು ಆಡಲು ಬರಲಿಲ್ಲ. ಕಾಂಪೌಂಡಿನ ಮೇಲಿಂದ ಶ್ವೇತಳನ್ನು ಕೇಳಿದೆ. "ಅವಳ್ಗೂ ಹೊಟ್ಟೆ ಕೆಟ್ಟಿದೆ ಅಕ್ಕ, ಬೆಳಗಿಂದ ನಾಕು ಸಲ ಹೋದ್ಲು. ಗ್ಯಾಸ್ ಮುಗಿದೋಗಿತ್ತು, ನಿನ್ನೆ ಕಾಯ್ಸೋಕಾಗ್ಲಿಲ್ಲ."

ಅವಳು ಮುಗಿಸುವ ಮೊದಲೇ ನಾನು ಹೇಳುತ್ತಿದ್ದೆ. ಸಂಪು, ಚರಂಡಿ, ಗುಂಡಿ, ಗೋಡೆಯ ಒರತೆ. ಒಂದರ ಮೇಲೊಂದು. "ಆ ನೀರು ಮುಟ್ಟಬೇಡ ಶ್ವೇತಾ. ಬಾಯಿ ಮುಕ್ಕಳಿಸೋಕೂ ಬೇಡ." ಎರಡು ಕ್ಯಾನು ಗೋಡೆ ದಾಟಿಸಿದೆ. ಉಪ್ಪು ಸಕ್ಕರೆ ನೀರು ನಾನೇ ಮಾಡಿಕೊಟ್ಟೆ. ನರೇಶ್ ಬಂದ ತಕ್ಷಣ ಮಗುವನ್ನು ಡಾಕ್ಟರ್ ಹತ್ತಿರ ಕಳಿಸಿದೆ.

ಅನು ಸುಧಾರಿಸುತ್ತಾಳಂತೆ. ಭಯವಿಲ್ಲವಂತೆ.

ಮೇ 21

ಪ್ಲಂಬರ್ ಸೆಲ್ವರಾಜ್ ಬಂದು ಸಂಪು ಖಾಲಿ ಮಾಡಿದ. ಒಳಗೆ ಇಳಿದವನು ಮೂಗು ಮುಚ್ಚಿಕೊಂಡೇ ಮೇಲೆ ಬಂದ. "ಅಯ್ಯಯ್ಯೋ ಅಮ್ಮಾ, ಇದನ್ನ ಕುಡಿದ್ರಾ? ಗೋಡೆ ಬಿರುಕು ಬಿಟ್ಟು ಚರಂಡಿ ನೇರ ಒಳಗೇ ಬತ್ತಾ ಇದೆ. ಬಾಳಾ ದಿನದಿಂದ."

ಉಮಕ್ಕ ವರಾಂಡದ ಕುರ್ಚಿಯಲ್ಲಿದ್ದಳು. ಮುಖ ಅರ್ಧವಾಗಿದೆ. ನನ್ನನ್ನು ಕರೆದಳು. ಹೋದೆ.

"ಶ್ವೇತಂಗೆ ನೀನೇ ಹೇಳಿದ್ದಂತೆ."

"ಹೂಂ."

"ಯಾವಾಗ ನೋಡ್ದೆ ನೀನು?"

"ಮೊನ್ನೆನೇ. ಬಟ್ಟೆ ಒಣಗಾಕಕ್ಕೆ ಮೇಲಕ್ಕೆ ಹೋದಾಗ."

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಆಮೇಲೆ ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಅಂದಳು. "ನಾನೂ ಅವತ್ತು ಹಿಂಗೇ ಹೇಳ್ದೆ ಅಲ್ವೇನೇ. ನೀರಿಲ್ಲ ಅಂತ. ನಿನ್ ಮಕ ನೋಡ್ಕೊಂಡೇ ಹೇಳ್ದೆ."

ಅವಳು ಬೈದಿದ್ದರೆ, ಕೂಗಾಡಿದ್ದರೆ, ಉತ್ತರವಿತ್ತು ನನ್ನ ಹತ್ತಿರ. ಎಷ್ಟೋ ಉತ್ತರ ತಯಾರಿತ್ತು. ಕಣ್ಣು ತಗ್ಗಿಸಿ ಮನೆಗೆ ಬಂದೆ.

ಮೇ 22, ಮಧ್ಯಾಹ್ನ

ಗುಂಡಿಗೆ ಜಲ್ಲಿ ಸುರಿಯುತ್ತಿದ್ದಾರೆ. ಗಾರೆ ಕೆಲಸದ ಸದ್ದು.

ಅತ್ತೆ ಎಂದೂ ಮಹಡಿ ಹತ್ತದವರು. ಇವತ್ತು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಬೇಡ ಅಂದೆ, ಕೇಳಲಿಲ್ಲ. ನಾನು ಬಟ್ಟೆ ಒಣಗಿಸುವ ಹಗ್ಗದ ಹತ್ತಿರವೇ ನಿಂತು ಕೆಳಗೆ ನೋಡುತ್ತಿದ್ದರು. ಗುಂಡಿ, ಸಂಪು, ತೆರೆದ ಮುಚ್ಚಳ. ಅಲ್ಲಿಂದ ಎಲ್ಲ ಕಾಣುತ್ತದೆ. ಎಷ್ಟು ಚೆನ್ನಾಗಿ ಕಾಣುತ್ತದೆಂದು ನನಗಿಂತ ಯಾರಿಗೆ ಗೊತ್ತು.

ಇಳಿದು ಬಂದರು. ಊಟ ಬೇಡ ಅಂದರು. ಹಿಂದಿನ ಕೋಣೆಯಲ್ಲಿ, ಮಂಚದ ತುದಿಯಲ್ಲಿ ಕೂತಿದ್ದಾರೆ.

ಈಗ ಕರೆದರು. "ರಾಧಾ."

ಬರೀತಾ ಇದೀನಿ ಅತ್ತೆ, ಬಂದೆ ಅಂದೆ.

"ಆಮ್ಯಾಕೆ ಬರಿ. ಬಾ ಇಲ್ಲಿ. ಬಾಗಿಲು ಹಾಕ್ಕೊಂಡ್ ಬಾ."

ಇಷ್ಟು ವರ್ಷದಲ್ಲಿ ಈ ದನಿ ಕೇಳಿಲ್ಲ ನಾನು. ಮೊನ್ನೆಯಲ್ಲ, ಮೊದಲಿನಿಂದಲೇ ನಾನು ಕಂಡಿದ್ದೆನೆಂದು ಅವರಿಗೆ ಗೊತ್ತಾಗಿರಬೇಕು. ಹೋಗುತ್ತೇನೆ.