ಹನ್ನೊಂದು ರೋಗದ ಕಡತ

ಬೆಟಗೇರಿ, ೨೨೧೪ನೇ ಇಸವಿ, ಹದಿಮೂರನೇ ತಿಂಗಳ ನಾಲ್ಕನೇ ದಿನ

ಎರಡು ಶತಮಾನದ ಹಿಂದಿನ ಹಿರಿಯರಿಗೆ,

ಕಸ್ತೂರೆವ್ವ ಹುಯಿಲಗೋಳ ಮಾಡುವ ಶರಣಾರ್ಥಿ. ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಾವು ವರ್ಷಕ್ಕೊಂದು ಝಳದ ತಿಂಗಳನ್ನು ಸೇರಿಸಿಕೊಂಡಿದ್ದೇವೆ. ಇನ್ನೂ ಕೆಲವು ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮಗೆ ಉಪಕಾರ ಹೇಳದೆ ನನಗೆ ಸಮಾಧಾನವಿಲ್ಲ.

ತಂಗಿ ತೀರಿಕೊಂಡಾಗ ಅವಳ ಮಗಳು ಪಾರಿಜಾತಳಿಗೆ ಎರಡು ವರ್ಷ. ನಾನೇ ಸಾಕುತ್ತೇನೆಂದು ಪಾಲನಾಪೀಠಕ್ಕೆ, ಅಂದರೆ ತಬ್ಬಲಿ ಮಕ್ಕಳನ್ನು ಯಾರಿಗೆ ಒಪ್ಪಿಸಬೇಕೆಂದು ತೀರ್ಮಾನಿಸುವ ಕಚೇರಿಗೆ, ಅರ್ಜಿ ಹಾಕಿದೆ. ತಿರಸ್ಕರಿಸಿದರು. ಕಾರಣ ಹೇಳಲಿಲ್ಲ. ಮೂರು ವರ್ಷ ಇದೇ ಆಯಿತು. ಕೂಸು ಪೀಠದ ವಸತಿಯಲ್ಲೇ ಬೆಳೆಯಿತು. ತಿಂಗಳಿಗೊಮ್ಮೆ ಗಾಜಿನಾಚೆಯಿಂದ ನನಗೆ ಅದರ ಮುಖ ತೋರಿಸುತ್ತಿದ್ದರು. ಅದು ಗಾಜಿಗೆ ಅಂಗೈ ಒತ್ತಿದಾಗ ನಾನು ಈಚೆಯಿಂದ ಅದೇ ಜಾಗಕ್ಕೆ ನನ್ನ ಅಂಗೈ ಒತ್ತುತ್ತಿದ್ದೆ. ಗಟ್ಟಿಮುಟ್ಟಾದ ನನ್ನಲ್ಲಿ ಏನು ಕೊರತೆ ಕಂಡರೋ ಆ ಪುಣ್ಯಾತ್ಮರು!

ಕೊನೆಗೆ ಪಕ್ಕದ ಮನೆಯ ಹಸೀನಾಬಿಯೇ ರೇಗಿದಳು. "ಅಳಕೋತ ಕುಂತರ ಏನ್ ಬಂತು? ನನ್ನ ಬಗ್ಗೆ ಏನ್ ಬರಕೊಂಡೀರಿ ತೋರಸ್ರಿ ಅಂತ ಕೇಳ ಯವ್ವಾ. ಹಕ್ಕೈತಿ!"

ಇತ್ತು. ನಮ್ಮ ವಿಷಯ ಬರೆದಿಟ್ಟುಕೊಂಡವರು ನಾವು ಕೇಳಿದರೆ ತೋರಿಸಲೇಬೇಕು ಎಂದು ನಿಮ್ಮ ಕಾಲದ ಜನ ಹಟ ಹಿಡಿದಿದ್ದರಂತೆ. ಕೇಳಿದೆ. ಮೂವತ್ತನೇ ದಿನಕ್ಕೆ ಕಡತ ಕೈಗೆ ಬಂತು.

ಓದಿ ದಂಗಾದೆ. ನನಗೆ ಸಕ್ಕರೆ ಕಾಯಿಲೆ, ಮೂರ್ಛೆ, ಹೃದಯದ ತೊಂದರೆ, ಎರಡೂ ಕಣ್ಣಿಗೆ ಪೊರೆ, ಹೀಗೆ ಹನ್ನೊಂದು ರೋಗ. ಹೆಚ್ಚು ದಿನ ಬದುಕುವುದು ಅನುಮಾನ ಎಂಬ ಷರಾ ಬೇರೆ. ಅಯ್ಯ, ಯಾರೀ ಹೆಂಗಸು? ಆಮೇಲೆ ಹಣೆ ಹಣೆ ಚಚ್ಚಿಕೊಂಡೆ. ಈ ಬಿಸಿಲಲ್ಲಿ ಮುದುಕರು ಹೊರಗೆ ಕಾಲಿಡುವಂತಿಲ್ಲ. ಹಾಗಾಗಿ ನಮ್ಮ ಓಣಿಯಲ್ಲಿ ಒಬ್ಬರೇ ಹೋಗಿ ಎಲ್ಲರ ಔಷಧಿ ತರುವ ರೂಢಿ. ಕಾಲು ಗಟ್ಟಿ ಇದ್ದವಳು ನಾನು. ಔಷಧಿ ಅಂಗಡಿಯಲ್ಲಿ ಮಣಿಗುರುತು, ಎಂದರೆ ಮುಂಗೈ ಚರ್ಮದೊಳಗೆ ಹುದುಗಿಸಿದ ಗುರುತು, ತೋರಿಸದೆ ಗುಳಿಗೆ ಕೊಡುವುದಿಲ್ಲ. ಹನ್ನೊಂದು ಮನೆಯ ಔಷಧಿಗೂ ನನ್ನ ಮುಂಗೈಯನ್ನೇ ಒಡ್ಡಿದ್ದೆ. ಅಂಗಡಿಯ ಲೆಕ್ಕ ಪೀಠಕ್ಕೆ ಹೋಗಿ, ಎಲ್ಲರ ರೋಗವೂ ನನ್ನ ಹೆಸರಿಗೇ ಬಿದ್ದಿತ್ತು.

ಮರುದಿನ ಬಿಸಿಲನ್ನೂ ಲೆಕ್ಕಿಸದೆ, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಓಣಿಗೆ ಓಣಿಯೇ ಪೀಠಕ್ಕೆ ಬಂತು. ಇದು ನನ್ನ ರೋಗ, ಅದು ನನ್ನದು ಎಂದು ಒಬ್ಬೊಬ್ಬರೇ ತಮ್ಮತಮ್ಮದನ್ನು ವಾಪಸ್ ತೆಗೆದುಕೊಂಡರು. ಹಸೀನಾಬಿಯಂತೂ ಸಕ್ಕರೆ ಕಾಯಿಲೆಯನ್ನು ಹೆಮ್ಮೆಯಿಂದ ಒಪ್ಪಿಕೊಂಡಳು. ಅಧಿಕಾರಿ ಒಂದೊಂದನ್ನೇ ಹೊಡೆದುಹಾಕಿ ಕಡತ ತಿದ್ದಿದರು. ಎಂಟನೇ ದಿನ ಪಾರಿಜಾತ ನನ್ನ ಸೊಂಟದ ಮೇಲೆ ಕುಳಿತು ಮನೆಗೆ ಬಂದಳು. ಉಸ್ಸಪ್ಪಾ! ಆ ದಿನ ಹೊಟ್ಟೆ ತುಂಬ ಉಂಡೆ, ಕಣ್ತುಂಬ ನಿದ್ದೆ ಮಾಡಿದೆ.

ಅದಕ್ಕೇ ಹಿರಿಯರೇ, ಒಂದು ಬೇಡಿಕೆ. ಆ ಹಕ್ಕನ್ನು ದೇವರ ಜಗುಲಿಯ ಮೇಲಿಟ್ಟು ಪೂಜೆ ಮಾಡಬೇಡಿ, ಬಳಸಿ. ನಮ್ಮ ಬಗ್ಗೆ ಏನಿದ್ದೀತು ಬಿಡು ಎಂದು ಸುಮ್ಮನೆ ಕೂರಬೇಡಿ. ನೀವು ಕೇಳುವುದು ಬಿಟ್ಟರೆ ನಮ್ಮ ಕಾಲಕ್ಕೆ ಅದು ಉಳಿಯುವುದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಪಾರಿಜಾತ ಬಂದಳು. ಈಗ ಅವಳಿಗೆ ಎಂಟು ವರ್ಷ. ನನ್ನ ಬಗ್ಗೆ ಏನು ಬರೆದಿದ್ದೀ, ತೋರಿಸು ಎಂದು ಕೈಚಾಚಿದಳು. ತೋರಿಸದೆ ವಿಧಿಯುಂಟೇ? ಬೆರಳಿಟ್ಟು ಓದಿ, ಒಂದು ತಪ್ಪಿದೆ, ತಿದ್ದು ಎಂದಳು. ಮೇಲೆ ನಾನು "ಅವಳ ಮಗಳು" ಎಂದಿರುವಲ್ಲಿ ದಯವಿಟ್ಟು "ನನ್ನ ಮಗಳು" ಎಂದು ಓದಿಕೊಳ್ಳಿ.