ಹದಿನೇಳು ಹಳದಿ ಟೋಪಿ

ಜನವರಿ 8, ಭಾನುವಾರ. ಸಂಜೆ

ಬೆಟ್ಟ ಹತ್ತುವ ಕ್ಲಬ್ಬಿನವರ ಜೊತೆ ಮೂರನೇ ನಡಿಗೆ ಮುಗಿಯಿತು. ಹದಿನಾಲ್ಕು ಕಿಲೋಮೀಟರ್ ಎಂದರು. ಕಾಲು ಇನ್ನೂ ಜಾಸ್ತಿ ಹೇಳುತ್ತಿದೆ. ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಈ ಪುಸ್ತಕ ನನ್ನ ಹೊಲಿಗೆ ಅಂಗಡಿಯದು, ಗಿರಾಕಿಗಳ ಅಳತೆ ಬರೆಯುವುದು. ಹಿಂದಿನ ಹಾಳೆಗಳು ಖಾಲಿ ಇದ್ದವು.

ಇವರ ಕ್ರಮ ಈಗ ತಿಳಿದಿದೆ. ಎಲ್ಲರಿಗಿಂತ ಮುಂದೆ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟು ಹತ್ತು ವರ್ಷವಾದರೂ ಸೀಟಿ ಕೊರಳಿನಿಂದ ಇಳಿದಿಲ್ಲ. ದಾರಿ ಕವಲೊಡೆಯುವ ಕಡೆ, ಹೋಗಬೇಕಾದ ದಾರಿಯ ಗಿಡಕ್ಕೆ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಹಿಂದೆ ಬರುವವರು ಪಟ್ಟಿ ನೋಡಿ ತಿರುಗಬೇಕು. ಕಟ್ಟಕಡೆಯಲ್ಲಿ ಬರುವವರಿಗೆ ಬಾಲ ಎಂದು ಹೆಸರು. ಬಾಲದವರು ತಲೆ ಎಣಿಸಿ, ಎಲ್ಲರೂ ದಾಟಿದರು ಎಂದು ಖಾತ್ರಿಯಾದ ಮೇಲೆ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬೇಕು. ನಮ್ಮದು ಅಂತ ಏನನ್ನೂ ಬೆಟ್ಟದಲ್ಲಿ ಬಿಟ್ಟು ಬರಬಾರದು — ಕ್ಲಬ್ಬಿನ ನಿಯಮ.

ನನ್ನನ್ನು ಟೈಲರಮ್ಮ ಎನ್ನುತ್ತಾರೆ. ಮಂಡಿನೋವಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ ಎಂದಿದ್ದೇನೆ. ಸುಳ್ಳು. ಮಂಡಿ ಚೆನ್ನಾಗಿದೆ.

ತಮ್ಮ ಹೋಗಿ ಒಂಬತ್ತು ತಿಂಗಳು. ಇವರ ಜೊತೆ ಹೊರಟವನು ಇವರ ಜೊತೆ ವಾಪಸ್ ಬರಲಿಲ್ಲ. ಕವಲಿನಲ್ಲಿ ದಾರಿ ತಪ್ಪಿ ಹಳೆಯ ಕಲ್ಲುಗಣಿಯ ಕಡೆ ಹೋಗಿದ್ದ. ಮರುದಿನ ಗಣಿಯ ಹೊಂಡದಲ್ಲಿ ಸಿಕ್ಕಿದ. ಅವನ ವಿಳಾಸಕ್ಕೆ ಬಂದ ಕ್ಲಬ್ಬಿನ ಕಾಗದದಲ್ಲಿ ಒಂದು ಸಾಲಿತ್ತು — ‘ತಲೆ ಎಣಿಸುವುದರಲ್ಲಿ ತಪ್ಪಾಗಿದೆ, ಕ್ಷಮಿಸಿ.’ ಎಣಿಸಿದ್ದು ಯಾರು ಅಂತ ಇರಲಿಲ್ಲ. ಅದು ನನಗೆ ಗೊತ್ತಾಗಬೇಕು. ಅಷ್ಟಕ್ಕೇ ಹೋಗುತ್ತಿದ್ದೇನೆ. ನಾನು ಅವನ ಅಕ್ಕ ಎಂದು ಇವರಿಗೆ ಗೊತ್ತಿಲ್ಲ. ಅವನು ಊರಿನ ಆ ತುದಿಯಲ್ಲಿ ರೂಮು ಮಾಡಿಕೊಂಡಿದ್ದ. ನಾನು ಈ ತುದಿ.

ಜನವರಿ 10, ಮಂಗಳವಾರ

ಅಂಗಡಿಯಲ್ಲಿ ಏಳು ಪ್ಯಾಂಟು, ಎರಡು ಜಿಪ್ಪು, ಒಂದು ಕೋಟಿನ ಒಳಬಟ್ಟೆ. ಕಂಬಿಯ ಕೊನೆಯಲ್ಲಿ ಅವನ ಪ್ಯಾಂಟು ಇನ್ನೂ ನೇತಾಡುತ್ತಿದೆ. ಉದ್ದ ಕಡಿಮೆ ಮಾಡು ಎಂದು ಕೊಟ್ಟು ಹೋಗಿದ್ದ. ಚೀಟಿಯಲ್ಲಿ ನನ್ನದೇ ಅಕ್ಷರ — ‘ತಮ್ಮ, 1½ ಇಂಚು, ಅರ್ಜೆಂಟ್ ಅಂತೆ.’

ಯಜಮಾನಿ ಅತ್ತ ನೋಡಿ ಮತ್ತೆ ಬಿಲ್ಲು ಬರೆಯತೊಡಗಿದರು. ಮೂರು ತಿಂಗಳೊಳಗೆ ಬಟ್ಟೆ ಒಯ್ಯದಿದ್ದರೆ ನಾವು ಜವಾಬ್ದಾರರಲ್ಲ ಎಂಬ ಬೋರ್ಡು ಅವರೇ ಬರೆಸಿದ್ದು.

ಸಂಜೆ ಇಳಿಸಿದೆ. ಸೊಂಟ ಎರಡು ಇಂಚು ಬಿಟ್ಟೆ, ಕಾಲು ನಾಲ್ಕು ಇಂಚು ಮಡಿಸಿದೆ. ನನಗೆ ಸರಿಹೋಯಿತು. ಗಟ್ಟಿ ಬಟ್ಟೆ. ಮುಳ್ಳಿಗೆ ಒಳ್ಳೆಯದು.

ಜನವರಿ 22, ಭಾನುವಾರ

ಹದಿಮೂರು ಜನ. ಇಬ್ಬನಿ. ದಾರಿ ಜಾರುತ್ತಿತ್ತು.

ಬಿಸ್ಕತ್ ಆಂಟಿ ನನ್ನ ಜೊತೆ ನಡೆದರು. ಬ್ಯಾಂಕಿನಲ್ಲಿದ್ದವರು. ನಿಂತಲ್ಲೆಲ್ಲ ಪೊಟ್ಟಣ ಬಿಚ್ಚುತ್ತಾರೆ.

‘ತಗೊಳ್ಳಮ್ಮ. ಮೇಲೆ ಹೋದ್ಮೇಲೆ ಹಸಿವು ಅಂದ್ರೆ ಕೊಡಲ್ಲ.’

‘ಹೋದ ಸಲಾನೂ ಹಾಗೇ ಅಂದ್ರಿ. ಮೇಲೂ ಕೊಟ್ರಿ.’

‘ನನ್ನ ಬಾಯಿ ಜೋರು, ಕೈ ಮೆತ್ತಗೆ.’

ಸಮಯ ನೋಡಿ ಕೇಳಿದೆ. ‘ಕ್ಲಬ್ಬಿನ ಫೋಟೋದಲ್ಲಿ ಎಲ್ಲರ ತಲೆ ಮೇಲೂ ಹಳದಿ ಟೋಪಿ ಇದೆ. ಈಗ ಯಾಕಿಲ್ಲ?’

ಆಂಟಿ ಪೊಟ್ಟಣದ ಬಾಯಿ ಮಡಿಸಿದರು. ‘ಹೋದ ವರ್ಷ ನಿಲ್ಲಿಸಿದ್ವಿ. ಬಿಡಮ್ಮ ಅದನ್ನ.’

ಆ ಫೋಟೋದಲ್ಲಿ ಅವನೂ ಇದ್ದಾನೆ, ಎರಡನೇ ಸಾಲಿನಲ್ಲಿ. ಅವನ ಟೋಪಿ ದೊಡ್ಡದಾಗಿತ್ತು. ನಾನೇ ಹಿಂಭಾಗದಲ್ಲಿ ಒಂದು ಮಡಿಕೆ ಹಿಡಿದು ಕೈಹೊಲಿಗೆ ಹಾಕಿಕೊಟ್ಟಿದ್ದೆ. ಹಳದಿ ದಾರ ಮುಗಿದಿತ್ತು, ಕಪ್ಪಿನಲ್ಲಿ ಹಾಕಿದೆ. ‘ಏನಕ್ಕಾ ಇದು, ಆಪರೇಷನ್ ಆದ ಹಾಗಿದೆ’ ಅಂದಿದ್ದ.

ಪೊಲೀಸರು ಕೊಟ್ಟ ಅವನ ಸಾಮಾನಿನ ಪಟ್ಟಿ ಮತ್ತೆ ತೆಗೆದು ನೋಡಿದೆ. ಶೂ ಒಂದು ಜೊತೆ. ಬಾಟಲಿ. ಅರ್ಧ ಪ್ಯಾಕು ಬನ್ನು. ಫೋನು, ಒಡೆದದ್ದು. ಟೋಪಿ ಇಲ್ಲ. ಬಿಸಿಲಿಗೆ ತಲೆನೋವು ಬರುವವನು. ಟೋಪಿ ತೆಗೆಯುವವನೇ ಅಲ್ಲ.

ಫೆಬ್ರವರಿ 5, ಭಾನುವಾರ. ಸಂಜೆ

ಗೊತ್ತಾಯಿತು.

ಇಳಿಯುವಾಗ ಬೇಕೆಂದೇ ಹಿಂದೆ ಉಳಿದೆ. ಬಾಲದವರ ಜೊತೆ. ಈ ಕ್ಲಬ್ಬಿನಲ್ಲಿ ಬಾಲ ಯಾವಾಗಲೂ ಒಬ್ಬರೇ. ಮೂವತ್ತು ವರ್ಷ ಬಸ್ಸಿನಲ್ಲಿದ್ದು ನಿವೃತ್ತರಾದ ಕಂಡಕ್ಟರ್. ಮಾತು ಕಡಿಮೆ. ಪ್ರತಿ ಕವಲಿನಲ್ಲೂ ಎಲ್ಲರನ್ನೂ ನಿಲ್ಲಿಸಿ, ಒಬ್ಬೊಬ್ಬರ ಎದುರಿಗೇ ಹೋಗಿ, ಮುಖ ನೋಡಿ ಎಣಿಸುತ್ತಾರೆ. ಆಮೇಲೆ ಇನ್ನೊಂದು ಸಲ. ಜನ ಗೊಣಗುತ್ತಾರೆ. ‘ಕಂಡಕ್ಟರೇ, ನಡುವೆ ಯಾರೂ ಹತ್ತಿಲ್ಲ, ಯಾರೂ ಇಳಿದಿಲ್ಲ, ರೈಟ್ ಹೇಳಿ’ ಅಂತ ಇವತ್ತೂ ಯಾರೋ ಅಂದರು. ಅವರು ನಗಲಿಲ್ಲ.

ಕೇಳಿದೆ. ‘ಹಿಂದಿನಿಂದಲೇ ಎಣಿಸಬಹುದಲ್ವಾ? ಪ್ರತಿ ಸಲ ಮುಂದೆ ಬಂದು ಹಿಂದೆ ಹೋಗೋದು ನಿಮಗೆ ಎರಡು ಪಟ್ಟು ನಡಿಗೆ.’

ದಾರಿಯಲ್ಲಿ ಬಿದ್ದಿದ್ದ ಒಂದು ಒಣಕೊಂಬೆಯನ್ನು ಪಕ್ಕಕ್ಕೆ ಎಳೆದು ಹಾಕಿದರು.

‘ಮೊದಲು ಹಿಂದಿನಿಂದಲೇ ಎಣಿಸ್ತಿದ್ದೆ ಕಣಮ್ಮ. ಎಲ್ಲರಿಗೂ ಹಳದಿ ಟೋಪಿ. ದೂರದಿಂದ ಚೆನ್ನಾಗಿ ಕಾಣೋದು. ಹೋದ ವರ್ಷ ಒಂದು ದಿನ, ನನ್ನದು ಬಿಟ್ಟು ಹದಿನೇಳು. ಗಣಿ ಕವಲಲ್ಲಿ ನಿಂತು ಎಣಿಸಿದೆ. ಹದಿನೇಳೂ ನನ್ನ ಮುಂದೆ ಇಳೀತಾ ಇತ್ತು. ಪಟ್ಟಿ ಬಿಚ್ಚಿದೆ. ಕೆಳಗೆ ಬಸ್ ಹತ್ರ ಹೋಗಿ ಎಣಿಸಿದ್ರೆ ಹದಿನಾರು.’

‘ಆಮೇಲೆ?’

‘ಆಮೇಲೆ ಏನು. ಒಬ್ಬ ಹಿಂದೆ ಉಳಿದಿದ್ದ. ನಾನು ಪಟ್ಟಿ ಬಿಚ್ಚಿ ಜೇಬಲ್ಲಿ ಇಟ್ಕೊಂಡು ಬಂದಿದ್ದೆ. ಅವನಿಗೆ ಯಾವ ದಾರಿ ಅಂತ ಹೇಗೆ ಗೊತ್ತಾಗಬೇಕು?’

ಜೇಬಿನಿಂದ ಒಂದು ಕೆಂಪು ಪಟ್ಟಿ ತೆಗೆದು ತೋರಿಸಿದರು. ಅಂಚಿನ ಎಳೆ ಬಿಟ್ಟುಕೊಂಡಿತ್ತು. ಅದನ್ನು ಮತ್ತೆ ಯಾವ ಗಿಡಕ್ಕೂ ಕಟ್ಟಲು ಕೊಟ್ಟಿಲ್ಲವಂತೆ.

‘ಮೂವತ್ತು ವರ್ಷ ಎಣಿಸಿದೀನಿ. ಕಿಕ್ಕಿರಿದ ಬಸ್ಸಲ್ಲಿ ಒಂದು ತಲೆ ತಪ್ಪಿಲ್ಲ. ಖಾಲಿ ಬೆಟ್ಟದಲ್ಲಿ ತಪ್ಪಿದೆ.’

ನನ್ನ ಕಡೆ ನೋಡಲಿಲ್ಲ. ನಾನು ತಮ್ಮನದೇ ಪ್ಯಾಂಟು ಹಾಕಿಕೊಂಡು ಪಕ್ಕದಲ್ಲಿ ನಡೆದೆ.

ಇವರೇ.

ಫೆಬ್ರವರಿ 19, ಭಾನುವಾರ

ಹೋಗಲಿಲ್ಲ. ಪರದೆಗಳಿಗೆ ಅಂಚು ಹೊಲಿದೆ. ಹನ್ನೆರಡು ಪರದೆ.

ಮಾರ್ಚ್ 5, ಭಾನುವಾರ

ಹೋದೆ. ಕಂಡಕ್ಟರ್ ನನ್ನ ಮುಂದೆ ನಿಂತು ಮುಖ ನೋಡಿದರು. ‘ಎಂಟು. ಹೋದ ಸಲ ಬಂದಿರಲಿಲ್ಲ. ಮಂಡಿನಾ?’

‘ಹೂಂ.’

ಆಮೇಲೆ ಇಳಿಜಾರಿನಲ್ಲೆಲ್ಲ ನನ್ನ ಹಿಂದೆ ಎರಡು ಹೆಜ್ಜೆಯಲ್ಲೇ ಬಂದರು, ಬಿದ್ದರೆ ಹಿಡಿಯಲು. ನೋವಿಲ್ಲದ ಮಂಡಿಗೆ.

ಬುತ್ತಿ ಬಿಚ್ಚಿದಾಗ ಡ್ರಿಲ್ ಮೇಷ್ಟ್ರು ಎದ್ದು ನಿಂತರು. ಏಪ್ರಿಲ್ ಎರಡಕ್ಕೆ ಗಣಿ ಬೆಟ್ಟ. ‘ವರ್ಷ ಆಯ್ತು. ಹೆದರಿಕೊಂಡು ಒಂದು ದಾರಿ ಬಿಟ್ಟರೆ ಆಮೇಲೆ ಎಲ್ಲಾ ದಾರಿ ಬಿಡಬೇಕಾಗತ್ತೆ.’ ಕಂಡಕ್ಟರ್ ಬುತ್ತಿಯ ಮುಚ್ಚಳ ಹಾಕಿದರು. ಅರ್ಧ ಹಾಗೇ ಇತ್ತು.

ಅಲ್ಲೇ ಹೇಳುತ್ತೇನೆ. ಆ ಕವಲಿನಲ್ಲಿ, ಎಲ್ಲರೂ ನಿಂತಿರುವಾಗ. ನೀವು ಬಿಟ್ಟು ಬಂದದ್ದು ನನ್ನ ತಮ್ಮನನ್ನು. ಇಷ್ಟೇ ಮಾತು. ಆಮೇಲೆ ಇವರ ಸಹವಾಸ ಬೇಡ.

ಏಪ್ರಿಲ್ 2, ಭಾನುವಾರ. ಬೆಳಿಗ್ಗೆ 5:40

ನೀರು. ಬ್ರೆಡ್ಡು. ಟವೆಲ್. ಮಾತು ನಾಲ್ಕು ಸಲ ಕನ್ನಡಿ ಮುಂದೆ ಹೇಳಿ ನೋಡಿದೆ. ಧ್ವನಿ ನಡುಗುವುದಿಲ್ಲ.

ಅದೇ ದಿನ, ಸಂಜೆ 7:00

ಹೇಳಲಿಲ್ಲ.

ಕವಲು ಅಂದುಕೊಂಡಷ್ಟು ಭಯಂಕರವಾಗಿಲ್ಲ. ಎರಡು ಕಾಲುದಾರಿ, ನಡುವೆ ಒಂದು ಬೋಳು ಬಂಡೆ. ಗಣಿಗೆ ಹೋಗುವ ಎಡದ ದಾರಿ ಬಲದ್ದಕ್ಕಿಂತ ಅಗಲ, ಹಸನು. ಪಟ್ಟಿ ಇಲ್ಲದಿದ್ದರೆ ನಾನೂ ಎಡಕ್ಕೇ ಹೋಗುತ್ತಿದ್ದೆ.

ಕಂಡಕ್ಟರ್ ಎಣಿಸಿದರು. ಹದಿನೈದು. ಮತ್ತೆ ಎಣಿಸಿದರು. ಮೂರನೇ ಸಲ ಎಣಿಸುವಾಗ ಯಾರೂ ಗೊಣಗಲಿಲ್ಲ. ಮೇಷ್ಟ್ರು ಸೀಟಿ ಊದಿದರು, ಎಲ್ಲರೂ ಬಲಕ್ಕೆ ಇಳಿದರು. ನಾನು ನಿಂತೇ ಇದ್ದೆ. ಅವರು ಪಟ್ಟಿಯ ಗಂಟಿಗೆ ಕೈ ಹಾಕಿದರು, ತೆಗೆದರು.

‘ಇದು ಇಲ್ಲೇ ಇರಲಿ ಟೈಲರಮ್ಮ. ಮೇಷ್ಟ್ರು ಬೈದರೆ ಬೈಯಲಿ.’

ನಾನು ತಯಾರು ಮಾಡಿಕೊಂಡ ಮಾತಿಗೆ ಆಗ ಜಾಗ ಇರಲಿಲ್ಲ. ಇಳಿದುಬಿಟ್ಟೆ. ಜೋರಾಗಿ, ಎಲ್ಲರನ್ನೂ ದಾಟಿ.

ಕೆಳಗೆ, ಬಸ್ ನಿಲ್ಲುವ ಜಾಗಕ್ಕಿಂತ ಸ್ವಲ್ಪ ಮೊದಲು ಒಂದು ಗೂಡಂಗಡಿ. ಸೋಡಾ, ಸಿಗರೇಟು, ಬಾಳೆಹಣ್ಣು. ಶೂ ಕಚ್ಚುತ್ತಿತ್ತು, ಬೆಂಚಿನ ಮೇಲೆ ಕೂತೆ. ಒಳಗೆ, ಬೀಡಿ ಕಟ್ಟುಗಳ ಮೇಲೆ, ಮೊಳೆಗೆ ಒಂದು ಟೋಪಿ. ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ಹಿಂದೆ ಕಪ್ಪು ಹೊಲಿಗೆ.

ನನ್ನ ಕೈಹೊಲಿಗೆ ನನಗೆ ಗೊತ್ತಾಗದೆ ಇರುತ್ತದೆಯೇ.

‘ಅದಾ?’ ಅಂದಳು ಅಂಗಡಿಯವಳು. ‘ಹೋದ ವರ್ಷ ಒಬ್ಬರು ಹೆಂಗಸು ಕೊಟ್ಟು ಹೋದ್ರು. ಒಬ್ಬರೇ ಬೆಟ್ಟ ಹತ್ತಿದ್ರಂತೆ, ಬಿಸಿಲಿಗೆ ತಲೆ ಸುತ್ತಿ ಕೂತುಬಿಟ್ರಂತೆ. ಯಾರೋ ಒಬ್ರು ತಮ್ಮ ಟೋಪಿನೇ ಇವರ ತಲೆಗೆ ಹಾಕಿ, ಹಳದಿ ಟೋಪಿಯವರ ಹಿಂದೇನೇ ಇಳೀರಿ, ದಾರಿ ತಪ್ಪಲ್ಲ, ನಾನು ಸ್ವಲ್ಪ ನೆರಳಲ್ಲಿ ಕೂತು ಬರ್ತೀನಿ ಅಂದ್ರಂತೆ. ಅವರು ಬಂದ್ರೆ ಕೊಡಿ ಅಂತ ನನ್ನ ಕೈಗಿಟ್ಟು ಬಸ್ ಹತ್ತಿದ್ರು. ಆಸಾಮಿ ಬರಲೇ ಇಲ್ಲ. ನಿಮ್ಮವರದಾ?’

‘ನಮ್ಮವರದು.’

‘ಹಾಗಾದ್ರೆ ತಗೊಳ್ಳಿ. ಧೂಳು ಕೊಡವಿ ಕೊಡವಿ ಸಾಕಾಗಿದೆ.’

ಕಂಡಕ್ಟರ್ ಬಂದು ತಲುಪುವ ಮೊದಲು ಚೀಲಕ್ಕೆ ಹಾಕಿಕೊಂಡೆ.

ಅವತ್ತು ಆ ಕವಲು ದಾಟಿದ್ದು ಹದಿನೇಳು ಟೋಪಿಯೇ. ಅವರು ಸರಿಯಾಗೇ ಎಣಿಸಿದ್ದರು.

ಏಪ್ರಿಲ್ 4, ಮಂಗಳವಾರ

ಟೋಪಿ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿದೆ, ಬಾಬಿನ್ನುಗಳ ಜೊತೆ. ಯಾರಿಗೂ ಹೇಳಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ತಮ್ಮ ಎಂಟನೇ ಕ್ಲಾಸಿನಲ್ಲಿದ್ದಾಗ ಕೊಡೆ ಯಾರಿಗೋ ಕೊಟ್ಟು ನೆನೆದು ಬಂದಿದ್ದ. ಹೊಸ ಕೊಡೆ. ಚೆನ್ನಾಗಿ ಬೈದಿದ್ದೆ. ‘ಅವರು ಅಜ್ಜಿ ಅಕ್ಕಾ, ನಾನು ಓಡ್ತೀನಲ್ಲ’ ಅಂದಿದ್ದ. ಅದಕ್ಕೂ ಬೈದೆ.

ಒಂದು ವರ್ಷ ಬೈಯಲು ಬೇರೆ ಯಾರೋ ಇದ್ದರು. ಮುಖ ಗೊತ್ತಿರಲಿಲ್ಲ. ಆಮೇಲೆ ಮುಖವೂ ಗೊತ್ತಾಯಿತು. ಈಗ ಟೋಪಿ ಕೊಟ್ಟುಬಿಟ್ಟರೆ ಆ ಮನುಷ್ಯನಿಗೆ ನಿದ್ದೆ ಬರುತ್ತದೆ. ನನಗೆ ಬೈಯಲು ತಮ್ಮನೊಬ್ಬನೇ ಉಳಿಯುತ್ತಾನೆ. ಅವನನ್ನು...

ಮೂರು ಪ್ಯಾಂಟು ಬಾಕಿ ಇದೆ.

ಏಪ್ರಿಲ್ 11, ಮಂಗಳವಾರ

ಬಿಸ್ಕತ್ ಆಂಟಿ ಅಂಗಡಿಗೆ ಬಂದರು, ರವಿಕೆ ಬಿಗಿಯಾಗಿದೆ ಎಂದು. ‘ಬಟ್ಟೇನೇ ಚಿಕ್ಕದಾಗಿದೆ, ನಾನು ಇದ್ದಷ್ಟೇ ಇದೀನಿ’ ಅಂದರು. ಅಳತೆ ಟೇಪು ಹಿಡಿದೆ, ಒಪ್ಪಿಕೊಂಡೆ.

ಹೋಗುವಾಗ ಹೇಳಿದರು. ಕಂಡಕ್ಟರ್ ಬಿಡುತ್ತಿದ್ದಾರಂತೆ. ಈ ಭಾನುವಾರವೇ ಕೊನೆ. ಗಣಿ ಬೆಟ್ಟದಿಂದ ಬಂದ ಮೇಲೆ ಮೇಷ್ಟ್ರ ಮನೆಗೆ ಹೋಗಿ ಹೇಳಿದರಂತೆ — ಬಾಲಕ್ಕೆ ಬೇರೆಯವರನ್ನು ನೋಡಿಕೊಳ್ಳಿ, ನನ್ನ ಎಣಿಕೆ ಮೇಲೆ ನನಗೇ ನಂಬಿಕೆ ಇಲ್ಲ.

‘ಮನೇಲೂ ಎಣಿಸ್ತಾರಂತಮ್ಮ. ಸೊಸೆ ಹೇಳಿದ್ಲು. ಊಟಕ್ಕೆ ಕೂತ್ರೆ ಎಲ್ಲರ ಮುಖ ನೋಡಿ ಎಣಿಸ್ತಾರೆ, ಆಮೇಲೆ ತುತ್ತು ಎತ್ತೋದು. ಇರೋದು ನಾಲ್ಕೇ ಜನ.’

ರವಿಕೆಯ ಎರಡೂ ಬದಿ ಅರ್ಧ ಇಂಚು ಬಿಟ್ಟೆ. ಒಳಗೆ ಬಟ್ಟೆ ಇತ್ತು.

ಏಪ್ರಿಲ್ 16, ಭಾನುವಾರ. ಬೆಳಿಗ್ಗೆ 6:25, ಬಸ್ ನಿಲ್ದಾಣ

ಬೇಗ ಬಂದೆ. ಕಂಡಕ್ಟರ್ ನನಗಿಂತ ಮೊದಲು ಬಂದಿದ್ದರು. ‘ಮಂಡಿ ಹೇಗಿದೆ?’ ಅಂದರು. ‘ಮಂಡಿಗೆ ಏನೂ ಆಗಿಲ್ಲ’ ಅಂದೆ. ತಲೆಯಾಡಿಸಿದರು.

ಈಗ ಎಲ್ಲರೂ ಬಂದಿದ್ದಾರೆ. ಗೋಡೆ ಪಕ್ಕ ಸಾಲಾಗಿ ನಿಂತಿದ್ದಾರೆ. ನಾನು ಬೆಂಚಿನ ಕೊನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಟೋಪಿ ತೊಡೆಯ ಮೇಲಿದೆ, ಕಪ್ಪು ಹೊಲಿಗೆ ಕಾಣುವ ಹಾಗೆ. ನಿನ್ನೆ ಒಗೆದು ಇಸ್ತ್ರಿ ಮಾಡಿದೆ. ಹೊಲಿಗೆ ಬಿಚ್ಚಿಲ್ಲ.

ಹೇಳಬೇಕಾದ್ದು ಎರಡೇ ಮಾತು. ಅವನು ನನ್ನ ತಮ್ಮ. ನಿಮ್ಮ ಎಣಿಕೆ ಸರಿಯಾಗಿತ್ತು. ಯಾವುದನ್ನು ಮೊದಲು ಹೇಳಬೇಕು ಎಂಬುದು ಇನ್ನೂ ಗೊತ್ತಿಲ್ಲ.

ಆ ತುದಿಯಿಂದ ಶುರು ಮಾಡಿದ್ದಾರೆ. ಒಬ್ಬೊಬ್ಬರ ಎದುರಿಗೂ ನಿಲ್ಲುತ್ತಾರೆ, ಮುಖ ನೋಡುತ್ತಾರೆ, ಬರುತ್ತಾರೆ. ಒಂಬತ್ತು. ಹತ್ತು, ಬಿಸ್ಕತ್ ಆಂಟಿ. ಹನ್ನೊಂದು.

ನಾನು ಹನ್ನೆರಡು. ನನ್ನ ಮುಖ ನೋಡಿದರು, ಆಮೇಲೆ ತೊಡೆಯ ಮೇಲೆ. ಎಣಿಕೆ ನಿಂತಿತು. ಪೆನ್ನು ಕೆಳಗಿಡುತ್ತೇನೆ.