ಅತ್ತೆಗೆ ವೀಸಾ ಸಿಕ್ಕಿತು, ತೆನೆಗೆ ಸಿಗಲಿಲ್ಲ

ನನ್ನ ಅತ್ತೆಯವರ ಭತ್ತದ ತೆನೆಗಳನ್ನು ಬಂಧನದಲ್ಲಿಟ್ಟಿರುವ, ವಿಮಾನ ನಿಲ್ದಾಣದ ಸಸ್ಯ ತಪಾಸಣೆಯ ಮೇಲಧಿಕಾರಿಗಳಾದ ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ: ತೆನೆ ಬಿಡಿ. ಶುಕ್ರವಾರ ನಮ್ಮ ಮನೆಯಲ್ಲಿ ಹಬ್ಬ. ಈ ಪತ್ರವನ್ನು ಊರಿನ ಪತ್ರಿಕೆಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಮಗೆ ಕನ್ನಡ ಬರುವುದಿಲ್ಲ ಎಂಬುದೇ ನನ್ನ ವಾಕ್ ಸ್ವಾತಂತ್ರ್ಯ. ಕುವೈತಿನಲ್ಲಿ ಇಷ್ಟು ವರ್ಷ ಇದ್ದು ಒಬ್ಬ ಅಧಿಕಾರಿಗೆ ಮನಸಾರೆ ಬೈಯುವ ಸುಖ ಇವತ್ತೇ ಮೊದಲು. ಅಯ್ಯೋ, ಏನು ಮಜಾ ಮಾರಾಯರೇ!

ಹಿನ್ನೆಲೆ ಹೇಳುತ್ತೇನೆ. ನಮ್ಮ ಕರಾವಳಿಯ ಕ್ರೈಸ್ತರಿಗೆ ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬ. ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ತಂದು, ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿನಲ್ಲಿ ಕಲಸಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡಬೇಕು. ಅದು ಬಾಯಿಗೆ ಬೀಳದೆ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ. ತಮ್ಮ ಮಗಳು ಫ್ರೀಡಾ ನನ್ನನ್ನು ಕಟ್ಟಿಕೊಂಡು ಇಲ್ಲಿಗೆ ಬಂದ ಲಾಗಾಯ್ತು, ಅತ್ತೆ ಆಗ್ನೆಸ್‌ಬಾಯಿ ಆ ಕಾಳನ್ನು ಲಕೋಟೆಗೆ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಪ್ರತಿ ವರ್ಷ ಸುಸೂತ್ರವಾಗಿ ತಲುಪಿದೆ. (ಈ ಸಾಲನ್ನು ಯಾರೂ ತಮಗೆ ಅನುವಾದಿಸದಿರಲಿ.) ಈ ಸಲ ವಿಸಿಟ್ ವೀಸಾ ಸಿಕ್ಕಿತು. ಮಗಳಿಗೂ ಮೊಮ್ಮಗಳು ಪ್ರೀಮಾಗೂ ಒಮ್ಮೆಯಾದರೂ ಕೈಯಾರೆ ಕೊಡಬೇಕೆಂದು ಖುದ್ದಾಗಿ ಹೊತ್ತು ತಂದರು. ಸಿಕ್ಕಿಬಿದ್ದರು!

ತಪ್ಪು ನಮ್ಮದೂ ಇದೆ. ದಾರಿಯಲ್ಲಿ ತೆನೆ ಬಾಡಬಾರದೆಂದು ಅತ್ತೆ ಗದ್ದೆಯಿಂದ ಬುಡಸಮೇತ ಕಿತ್ತು, ಕೆಸರಿನ ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಪರದೇಶದ ಮಣ್ಣು ಒಳಗೆ ಬರಬಾರದು ಎಂಬುದು ತಮ್ಮ ನಿಯಮ. ಒಪ್ಪಿದೆ. ಆದರೆ ಹೊರಗೆ ಕಾಯುತ್ತಿದ್ದ ನನ್ನನ್ನು ಒಳಗೆ ಕರೆಸಿ "ಏನಿದು?" ಎಂದಾಗ, ನಾನು ಹೆಡ್ಡ, "ಧಾರ್ಮಿಕ ವಸ್ತು, ಮರ್ಯಮ್ ಮಾತೆಯ ಹಬ್ಬದ್ದು" ಎಂದುಬಿಟ್ಟೆ. ಕೌಂಟರಿನಲ್ಲಿದ್ದ ಹುಡುಗಿಯ ಮುಖ ಅರಳಿತು. "ಮರ್ಯಮ್? ನಮ್ಮ ಕುರಾನಿನಲ್ಲೂ ಇದ್ದಾರಲ್ಲ!" ಎಂದು ಅತ್ತೆಗೆ ಕುರ್ಚಿ ಕೊಟ್ಟಳು, ಖರ್ಜೂರ ಕೊಟ್ಟಳು. ಆಮೇಲೆ ತಮಗೆ ಫೋನ್ ಮಾಡಿದಳು. ತಾವು ಅಪ್ಪಣೆ ಕೊಡಿಸಿದ್ದೇನು? "ಕೃಷಿಯಾದರೆ ನನ್ನ ಇಲಾಖೆ. ಧರ್ಮವಾದರೆ ಆ ಇಲಾಖೆಯಿಂದ ಪತ್ರ ತರಲಿ." ಮಾನ್ಯರೇ, ಹಸಿವು ಯಾವ ಇಲಾಖೆಗೆ ಬರುತ್ತದೆ?

ಮರುದಿನ ಸಂಜೆ ನನ್ನ ಕಫೀಲ್ (ಇಲ್ಲಿ ನನ್ನ ಕೆಲಸಕ್ಕೂ ವೀಸಾಕ್ಕೂ ಹೊಣೆಯಾದ ಯಜಮಾನರು) ಅಬೂ ನಾಸರ್ ಅವರ ದಿವಾನಿಯಾಕ್ಕೆ ಹೋದೆ. ನಮ್ಮೂರಿನ ಓದುಗರಿಗೆ ಹೇಳುವುದಾದರೆ, ದಿವಾನಿಯಾ ಎಂದರೆ ಇಲ್ಲಿನ ಗಂಡಸರು ಸಂಜೆ ಕೂತು ಲೋಕದ ಪಂಚಾಯಿತಿ ಮಾಡುವ ಚಾವಡಿ. ಸಂಸತ್ತು ಸದ್ಯ ಅಮಾನತಿನಲ್ಲಿದೆ, ದಿವಾನಿಯಾಕ್ಕೆ ರಜೆಯಿಲ್ಲ. ನನ್ನ ತೆನೆ ಅಲ್ಲಿ ಚರ್ಚೆಗೆ ಬಿತ್ತು ನೋಡಿ! ಒಬ್ಬ ಹಿರಿಯರು, "ಮರ್ಯಮ್ ನಮಗೂ ಪೂಜ್ಯಳು, ಇದು ಧರ್ಮದ ವಿಷಯ, ಬಿಡಬೇಕು" ಎಂದರು. ಇನ್ನೊಬ್ಬರು, "ಧರ್ಮವೆಂತದ್ದು? ಭಾರತದ ಮಣ್ಣು ಗಡಿ ದಾಟಿದೆ, ಇದು ವಿದೇಶಾಂಗ ವ್ಯವಹಾರ" ಎಂದರು. "ನೆರೆಯ ದೊಡ್ಡ ದೊಡ್ಡ ರಾಷ್ಟ್ರಗಳು ಮುನಿಸಿಕೊಂಡಾಗ ನಡುವೆ ಓಡಾಡಿ ರಾಜಿ ಮಾಡಿಸಿದ ದೇಶ ನಮ್ಮದು. ನಮ್ಮ ಈ ಡೋಲ್ಫಿಗೂ ಒಂದು ಕಟ್ಟು ಹುಲ್ಲಿಗೂ ರಾಜಿ ಮಾಡಿಸಲಾಗದೇ?" ಎಂದು ಅಬೂ ನಾಸರ್ ನನ್ನತ್ತ ಕೈ ತೋರಿಸಿ ತೊಡೆ ತಟ್ಟಿದರು. ಮೂಲೆಯಲ್ಲಿದ್ದವರೊಬ್ಬರು ಮೆಲ್ಲಗೆ, "ಸಂಸತ್ತು ಇದ್ದಿದ್ದರೆ ಮಂತ್ರಿಯನ್ನೇ ಕೇಳಬಹುದಿತ್ತು" ಎಂದರು. ಎಲ್ಲರೂ ತಮ್ಮ ತಮ್ಮ ಚಹಾದ ಲೋಟದೊಳಗೆ ನೋಡತೊಡಗಿದರು. "ಯಲ್ಲಾ, ಫುಟ್‌ಬಾಲ್ ಹಾಕಿ" ಎಂದು ಯಾರೋ ಟೀವಿ ಕಡೆ ಕೈ ತೋರಿಸಿದರು. ಖಲಾಸ್, ಸಭೆ ಬರಖಾಸ್ತು.

ಮನೆಗೆ ಬಂದು ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ಪ್ರೀಮಾ ಬಿದ್ದು ಬಿದ್ದು ನಕ್ಕಳು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಿದ್ದ ಫ್ರೀಡಾ ನಗಲಿಲ್ಲ. "ಅವರಿಗೆ ಬೇಡದ್ದು ಮಣ್ಣು ಅಲ್ವಾ? ಬುಡ ಕತ್ತರಿಸಿ ಅವರೇ ಇಟ್ಕೊಳ್ಳಲಿ, ತೆನೆ ನಮಗೆ ಕೊಡ್ಲಿ. ಅಷ್ಟು ಜನ ಗಂಡಸರು ಕೂತು ಎಂತ ಮಾಡಿದ್ದು ನೀವು?" ಎಂದಳು. ಅಷ್ಟರಲ್ಲಿ ಅತ್ತೆ ಸಣ್ಣ ದನಿಯಲ್ಲಿ, "ನಾನು ಬರಬಾರ್ದಿತ್ತು ಬಾಬಾ. ಲಕೋಟೆ ಬಂದಿದ್ರೆ ಸಾಕಿತ್ತು ನಿಮಗೆ" ಎಂದರು. ಮಾನ್ಯರೇ, ಇಷ್ಟು ಹೊತ್ತು ನಗುತ್ತಾ ಬರೆದೆ. ಈ ಮಾತಿಗೆ ಮಾತ್ರ ತಮ್ಮ ಮೇಲೆ ನಿಜವಾಗಿ ಸಿಟ್ಟು ಬಂದಿದೆ.

ಆದ್ದರಿಂದ ನನ್ನ ಬೇಡಿಕೆ ಒಂದು ಕತ್ತರಿ. ಕೆಸರು, ಬೇರು, ಒದ್ದೆ ಬಟ್ಟೆ ಎಲ್ಲ ತಮಗೇ ಇರಲಿ. ತೆನೆಯನ್ನು ಶುಕ್ರವಾರ ಬೆಳಗಿನ ಪೂಜೆಗೆ ಮುಂಚೆ ಆ ಕೌಂಟರಿನ ಹುಡುಗಿಯ ಕೈಯಲ್ಲಿ ಕೊಟ್ಟು ಕಳಿಸಿ, ಅವಳಿಗೂ ನಮ್ಮಲ್ಲೇ ಊಟ. ಅಬೂ ನಾಸರ್ ಕೂಡ ಬರುವವರಿದ್ದಾರೆ. ತೆನೆ ಬರದಿದ್ದರೆ ಅತ್ತೆ ಕೊಡುವುದಿಲ್ಲ, ಅತ್ತೆ ಕೊಡದೆ ಯಾರೂ ಉಣ್ಣುವುದಿಲ್ಲ. ದಯವಿಟ್ಟು ಇದನ್ನು ಪ್ರತಿಭಟನೆ ಎಂದು ಬರೆದುಕೊಳ್ಳಬೇಡಿ. ವಿದೇಶಿಯರು ಪ್ರತಿಭಟಿಸಿದರೆ ಗಡೀಪಾರು ಎಂಬುದು ನನಗೆ ಚೆನ್ನಾಗಿ ಗೊತ್ತು. ರಿಗ್ಗೈ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಬಾಳೆಲೆ ಹಾಸಿಕೊಂಡು, ಬಡಿಸಿದ ಊಟದ ಮುಂದೆ, ಒಬ್ಬ ಕುವೈತಿ ಪ್ರಜೆಯೂ ಸೇರಿ ಕೆಲವರು ಸುಮ್ಮನೆ ಬಾಗಿಲು ನೋಡುತ್ತಾ ಕೂತಿರುತ್ತಾರೆ, ಅಷ್ಟೆ.

ಇಂತಿ,
ಪ್ರತಿಭಟಿಸದೆ ಹಸಿದಿರಲು ಸಿದ್ಧನಾದ
ಡೋಲ್ಫಿ, ಆಗ್ನೆಸ್‌ಬಾಯಿಯ ಅಳಿಯ